ಎಂಟು ಹಳದಿ ಟೋಪಿ

ಟೋಪಿಯಕ್ಕನಿಗೆ ಎಣಿಸುವ ಚಟ. ಮನೆ ಬಾಗಿಲಲ್ಲಿ ಚಪ್ಪಲಿ ಎಣಿಸುತ್ತಾಳೆ, ಊಟಕ್ಕೆ ಕುಳಿತವರ ತಲೆ ಎಣಿಸುತ್ತಾಳೆ. ನೆಂಟರ ಮನೆಯಿಂದ ಹೊರಡುವಾಗ ಗಂಡ, ಇಬ್ಬರು ಹೆಣ್ಣುಮಕ್ಕಳು, ಅತ್ತೆ ಎಲ್ಲರ ನೆತ್ತಿ ತಟ್ಟಿ "ನಾಲ್ಕು, ನಾನು ಸೇರಿ ಐದು" ಎಂದ ಮೇಲೆಯೇ ಹೊಸಿಲು ದಾಟುವುದು. ಮೊದಮೊದಲು ಅತ್ತೆಗೆ ಮೈಯೆಲ್ಲ ಉರಿದುಹೋಗುತ್ತಿತ್ತು. "ನಾನೇನು ಕುರೀನಾ?" ಎಂದು ಕೇಳಿದ್ದೂ ಉಂಟು. ಈಗ ತಾವೇ ತಲೆ ಬಗ್ಗಿಸಿಕೊಡುತ್ತಾರೆ.

ಅವಳ ಕೆಲಸವೇ ಅಂಥದ್ದು. ಬಂದರಿಗೆ ದೊಡ್ಡ ಪ್ರವಾಸಿ ಹಡಗು ಬಂದ ದಿನ ಎಂಟು ಜನರನ್ನು, ಎಂಟೇ ಎಂಟು ಜನರನ್ನು, ವ್ಯಾನಿಗೆ ಹತ್ತಿಸಿಕೊಂಡು ಒಂದೂವರೆ ಗಂಟೆ ದೂರದ ಹಳೇ ಪಟ್ಟಣಕ್ಕೆ ಕರೆದೊಯ್ಯಬೇಕು. ಕೋಟೆ, ಗೋಪುರ, ಓಣಿಗಳನ್ನೆಲ್ಲ ತೋರಿಸಿ ಸಂಜೆ ಹಡಗಿಗೆ ತಂದು ಒಪ್ಪಿಸಬೇಕು. ವ್ಯಾನು ಓಡಿಸುವವನು ಅವಳ ಗಂಡ. ಮಾತೆಲ್ಲ ಅವಳದು, ಬ್ರೇಕೆಲ್ಲ ಅವನದು. ಇಷ್ಟು ವರ್ಷಗಳ ಸಂಸಾರ ಸುಸೂತ್ರವಾಗಿ ನಡೆದದ್ದು ಈ ಹಂಚಿಕೆಯಿಂದಲೇ ಎಂದು ನನ್ನ ಗುಮಾನಿ.

ಹಡಗು ಮಾತ್ರ ಯಾರಪ್ಪನ ಮಾತನ್ನೂ ಕೇಳುವುದಿಲ್ಲ. ನಾಲ್ಕೂಮುಕ್ಕಾಲಿಗೆ ಏಣಿ ಎತ್ತಿದರೆ ಎತ್ತಿದಂತೆಯೇ. ಹಿಂದುಳಿದವರು ಮುಂದಿನ ಬಂದರಿಗೆ ತಮ್ಮ ದಾರಿ ತಾವೇ ನೋಡಿಕೊಳ್ಳಬೇಕು. ಅವರನ್ನು ಬಿಟ್ಟುಬಂದ ಗೈಡಿನ ಬಂದರು ಪಾಸನ್ನು ಕಿತ್ತುಕೊಳ್ಳುತ್ತಾರೆ. ಪಾಸಿಲ್ಲದ ಗೈಡು ಮನೆಯಲ್ಲಿ ಕೂತು ಬರೀ ಚಪ್ಪಲಿ ಎಣಿಸಬೇಕಾಗುತ್ತದೆ.

ಹತ್ತೊಂಬತ್ತು ವರ್ಷಗಳಲ್ಲಿ ಟೋಪಿಯಕ್ಕ ಒಬ್ಬರನ್ನೂ ಬಿಟ್ಟುಬಂದಿರಲಿಲ್ಲ. ಮುಖ ನೋಡಿ ಎಣಿಸುವುದು ಆಗದ ಮಾತು, ಏಕೆಂದರೆ ಎಲ್ಲರದೂ ಬಿಳಿಗೂದಲು, ಕಪ್ಪು ಕನ್ನಡಕ, ಬಿಸಿಲಿಗೆ ಕೆಂಪಾದ ಮೂಗು. ಮೊದಲ ವರ್ಷ ಒಮ್ಮೆ ವಸ್ತುಸಂಗ್ರಹಾಲಯದ ಮಬ್ಬಿನಲ್ಲಿ ಒಂದು ಕಲ್ಲಿನ ವಿಗ್ರಹವನ್ನೂ ಸೇರಿಸಿ ಎಣಿಸಿ ಲೆಕ್ಕ ಸರಿಯಾಯಿತೆಂದು ಹೊರಟಿದ್ದಳು. ಪುಣ್ಯಕ್ಕೆ ಬಾಗಿಲಲ್ಲೇ ಗೊತ್ತಾಯಿತು. ಅಂದಿನಿಂದ ಪ್ರತಿಯೊಬ್ಬರಿಗೂ ಕಣ್ಣು ಕುಕ್ಕುವ ಹಳದಿ ಟೋಪಿ. ಸಂತೆಯ ನಡುವೆಯೂ ಎದ್ದು ಕಾಣುತ್ತದೆ. "ಬಂದವರಿಗೆಲ್ಲ ಟೋಪಿ ಹಾಕ್ತಾಳೆ" ಎಂದು ಬಂದರಿನವರು ಆಡಿಕೊಂಡರು, ಹೆಸರು ಅಂಟಿಕೊಂಡಿತು.

ಆಡಿಕೊಂಡವರಲ್ಲಿ ಮೊದಲಿಗಳು ಬಾವುಟದಮ್ಮ. ನಲವತ್ತು ಜನರ ದೊಡ್ಡ ಬಸ್ಸಿನ ಗೈಡು, ಕೋಲಿನ ತುದಿಗೆ ಕೆಂಪು ಬಾವುಟ ಸಿಕ್ಕಿಸಿಕೊಂಡು ನಡೆಯುವವಳು. ಒಮ್ಮೆ ಒಬ್ಬರನ್ನು ಬಿಟ್ಟುಬಂದು, ಪಾಸು ಕಳೆದುಕೊಂಡು, ಮೂರು ತಿಂಗಳು ಕಚೇರಿ ಅಲೆದು ಮತ್ತೆ ಪಡೆದಿದ್ದಳು. ಅದನ್ನು ಟೋಪಿಯಕ್ಕ ಮರೆಯಲು ಬಿಟ್ಟರೆ ತಾನೇ? ಎದುರು ಸಿಕ್ಕಾಗಲೆಲ್ಲ "ಎಣಿಸ್ಕೊಂಡ್ಯೇನೇ?" ಎಂದು ನಗುತ್ತಿದ್ದಳು. ಒಳ್ಳೆಯ ಗುಣವಲ್ಲ, ಒಪ್ಪುತ್ತೇನೆ.

ಇನ್ನು ಮಾವ. ಅಂದರೆ ಅವಳ ತಾಯಿಯ ತಮ್ಮ. ಹಳೇ ಪಟ್ಟಣದ ಹೆಬ್ಬಾಗಿಲ ಪಕ್ಕದಲ್ಲೇ ಅವರ ಗಡಿಯಾರ ರಿಪೇರಿ ಅಂಗಡಿ. ಗೋಡೆಯ ತುಂಬ ನಲವತ್ತೊಂದು ಗಡಿಯಾರ, ನಲವತ್ತೊಂದು ಸಮಯ. "ಸರಿಯಾದ ಟೈಮು ಯಾವುದರಲ್ಲಿದೆ ಮಾವ?" ಎಂದರೆ "ನನ್ನ ತಲೇಲಿ" ಎನ್ನುತ್ತಿದ್ದರು. ಈ ಮನುಷ್ಯನಿಗೆ ಜೀವಮಾನದಲ್ಲಿ ಒಂದೇ ಆಸೆ: ಹಡಗನ್ನು ಹತ್ತಿರದಿಂದ ನೋಡಬೇಕು. ಬಂದರಿನ ಗೋಡೆಯ ಹೊರಗೆ ನಿಂತರೆ ಹೊಗೆಕೊಳವೆಯ ತುದಿ ಬಿಟ್ಟು ಏನೂ ಕಾಣದು, ಒಳಗೆ ಹೋಗಲು ಪಾಸಿಲ್ಲ.

"ಒಂದೇ ಒಂದ್ ಸಲ ವ್ಯಾನಲ್ಲಿ ಕರ್ಕೊಂಡ್ ಹೋಗೇ ಪುಟ್ಟಿ."

"ಗೇಟಲ್ಲಿ ತಲೆ ಎಣಿಸ್ತಾರೆ ಮಾವ. ಎಂಟು ಅಂದ್ರೆ ಎಂಟು."

"ಆಯ್ತು ಬಿಡು" ಎಂದು ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಳ್ಳುತ್ತಿದ್ದರು. ಮುಂದಿನ ವಾರ ಮತ್ತೆ ಅದೇ ಪ್ರಶ್ನೆ, ಅದೇ ಉತ್ತರ.

ನಾನು ಹೇಳಹೊರಟ ದಿನ ಎಲ್ಲವೂ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ನಡೆದಿತ್ತು. ಎಂಟು ಜನರ ಮೊಣಕಾಲುಗಳೂ ಗೋಪುರದ ಮೆಟ್ಟಿಲಿಗೆ ಸಹಕರಿಸಿದವು. ಕೊನೆಯ ಒಂದು ಗಂಟೆ ಬಿಡುವು ಕೊಟ್ಟು, ಎರಡೂಕಾಲಿಗೆ ವ್ಯಾನಿನ ಬಾಗಿಲಲ್ಲಿ ನಿಂತು ಎಣಿಸಿದಳು. ಎಂಟು ಟೋಪಿ. ವ್ಯಾನು ಹೊರಟಿತು.

ಆದರೆ ಹಿಂದಿನ ಸಾಲಿನಲ್ಲಿ ಏನೋ ಕಿಸಿಕಿಸಿ. ಎಲ್ಲರ ವಯಸ್ಸು ಕೂಡಿದರೆ ಐನೂರು ದಾಟುವ ಹಿರಿಯರು ಶಾಲಾಮಕ್ಕಳ ಹಾಗೆ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ಬಿಸ್ಕತ್ತಿನ ಪೊಟ್ಟಣವೊಂದು ಸೀಟಿನಿಂದ ಸೀಟಿಗೆ ಹಾದು ಹಿಂದಿನ ಮೂಲೆಗೆ ಹೋಯಿತು. ತನ್ನ ಹಾಸ್ಯಕ್ಕೇ ನಗುತ್ತಿದ್ದಾರೆಂದು ಟೋಪಿಯಕ್ಕ ಇನ್ನೂ ಎರಡು ಹಾಸ್ಯ ಬಿಟ್ಟಳು.

ನಲವತ್ತು ನಿಮಿಷ ಕಳೆದಿರಬೇಕು. ಹಿಂದಿನ ಮೂಲೆಯಿಂದ ಒಂದು ಸೀನು ಬಂತು. ಹಿಂದೆಯೇ ಇನ್ನೊಂದು. ಮೂರನೆಯದರ ಬಾಲಕ್ಕೆ "ಅಯ್ಯಯ್ಯಪ್ಪಾ!"

ಟೋಪಿಯಕ್ಕನ ಮಾತು ಅರ್ಧಕ್ಕೆ ನಿಂತಿತು. ಜಗತ್ತಿನಲ್ಲಿ ಹಾಗೆ ಸೀನುವವರು ಅವಳ ತಾಯಿಯ ಮನೆಯವರು ಮಾತ್ರ.

ಹೋಗಿ ಹಳದಿ ಟೋಪಿಯನ್ನು ಎತ್ತಿದಳು. ಕೆಳಗೆ ಮಾವ, ಗಲ್ಲಕ್ಕೆ ಬಿಸ್ಕತ್ತಿನ ಪುಡಿ ಅಂಟಿಸಿಕೊಂಡು.

"ಮಾವಾ! ನೀವಿಲ್ಲೇನ್ ಮಾಡ್ತಿದೀರಿ? ಇಲ್ಲಿದ್ದ ತಾತ ಎಲ್ಲಿ?"

"ಅಂಗಡೀಲಿ ಆರಾಮಾಗಿದಾರೆ" ಎಂದರು ಮಾವ. "ಪಾಪ, ಅವರೂ ಗಡಿಯಾರ ರಿಪೇರಿಯವರೇ ಅಂತೆ. ಕೈ ನೋಡಿದ್ರೇ ಗೊತ್ತಾಯ್ತು. ಮಾತು ಅವರದ್ ನಂಗ್ ಬರಲ್ಲ, ನಂದ್ ಅವರಿಗ್ ಬರಲ್ಲ, ಆದ್ರೂ ಎಲ್ಲಾ ಮಾತಾಡ್ಕೊಂಡ್ವಿ. ನೋಡು, ಅವರ ಹತ್ರ ಹಡಗಿನ ಕಾರ್ಡಿದೆ, ಬಸ್ಸಲ್ ಬಂದ್ರೂ ಗೇಟಲ್ಲಿ ಬಿಡ್ತಾರೆ. ನನ್ನ ಹತ್ರ ಕಾರ್ಡಿಲ್ಲ, ವ್ಯಾನಲ್ಲೇ ಬರ್ಬೇಕು. ನಿನ್ನ ಲೆಕ್ಕ ಎಂಟಕ್ಕೆ ಎಂಟು. ಇದರಲ್ಲಿ ತಪ್ಪೇನಿದೆ ಹೇಳು?"

ಬಲು ಅಚ್ಚುಕಟ್ಟಾಗಿತ್ತು ಆ ಅವಿವೇಕ.

"ಬಸ್ ಎಷ್ಟೊತ್ತಿಗೆ?"

"ಎರಡೂಮುಕ್ಕಾಲಿಗೆ. ದೊಡ್ಡ ಗಡಿಯಾರ ಮೂರು ಹೊಡೆದ ಕೂಡ್ಲೇ ಎದ್ದು ಹೋಗಿ ಅಂತ ತೋರಿಸಿ ಬಂದಿದೀನಿ. ಅದು ಅರ್ಧ ಗಂಟೆ ಮುಂದಿದೆ ನೋಡು, ಸರಿಹೋಗತ್ತೆ."

ಟೋಪಿಯಕ್ಕ ಅಂಗಡಿಗೆ ಫೋನು ಮಾಡಿದಳು. ಯಾರೂ ಎತ್ತಬಾರದು, ಎತ್ತದಿದ್ದರೆ ತಾತ ಹೊರಟಿದ್ದಾರೆಂದು ಅರ್ಥ. ಮೂರನೆಯ ರಿಂಗಿಗೆ ಎತ್ತಿದರು.

"ಒಂದು ನಿಮಿಷ" ಎಂದರು ತಾತ ತಮ್ಮ ಭಾಷೆಯಲ್ಲಿ, ಉಗುಳು ನುಂಗುತ್ತಾ, "ಬಾಯಲ್ಲಿ ಸ್ಪ್ರಿಂಗ್ ಇದೆ."

"ನೀವಿನ್ನೂ ಯಾಕೆ ಹೊರಟಿಲ್ಲ?"

"ಮೂರು ಹೊಡೆಯಲು ಇನ್ನೂ ಐದು ನಿಮಿಷ ಇದೆಯಲ್ಲ? ದೊಡ್ಡ ಗಡಿಯಾರ ಅರ್ಧ ಗಂಟೆ ಮುಂದೆ ಓಡುತ್ತಿತ್ತು. ಕುಳಿತ ಕೂಡಲೇ ಮೊದಲು ಅದನ್ನೇ ಸರಿಮಾಡಿದೆ." ತುಸು ಹೆಮ್ಮೆಯಿಂದ ಸೇರಿಸಿದರು: "ಈಗ ನಲವತ್ತೊಂದೂ ಒಂದೇ ಸಮಯ ತೋರಿಸುತ್ತಿವೆ."

ಈ ಮಾತನ್ನು ಅವಳು ಮಾವನಿಗೆ ದಾಟಿಸಿದಾಗ ಮಾವ ತಲೆಯ ಮೇಲೆ ಕೈ ಹೊತ್ತರು. ಬಸ್ಸು ತಪ್ಪಿದ್ದಕ್ಕಲ್ಲ. "ನಲವತ್ತೊಂದನ್ನೂ ಸರಿ ಮಾಡ್ಬಿಟ್ರಾ? ಯಾವ್ದು ಯಾರದ್ದು ಅಂತ ಇನ್ನ್ ಹೆಂಗ್ ಕಂಡ್‌ಹಿಡೀಲಿ?"

"ರೀ, ವ್ಯಾನು ತಿರುಗಿಸ್ರೀ!"

ಗಂಡ ಆ ದಿನದ ಮೊದಲ ಮಾತಾಡಿದ. "ತಿರುಗಿಸಿದ್ರೆ ಬಂದರಿಗೆ ಐದೂ ಐದು. ಒಬ್ಬರ ಬದಲು ಎಂಟೂ ಜನ ಉಳೀತಾರೆ." ಆಮೇಲೆ ಕನ್ನಡಿಯಲ್ಲಿ ಅವಳನ್ನು ನೋಡಿ, ಬಹಳ ಮೆತ್ತಗೆ, "ದೊಡ್ಡ ಬಸ್ಸು ಅಲ್ಲಿಂದ ಮೂರಕ್ಕೆ ಹೊರಡತ್ತಲ್ವಾ?" ಎಂದ.

ದೊಡ್ಡ ಬಸ್ಸು ಎಂದರೆ ಬಾವುಟದಮ್ಮ. ಅವಳನ್ನು ಕೇಳುವುದಕ್ಕಿಂತ ಪಾಸು ಹೋಗುವುದೇ ವಾಸಿ ಎಂದು ಟೋಪಿಯಕ್ಕನಿಗೆ ಒಂದು ಕ್ಷಣ ಅನಿಸಿತು. ಆದರೆ ಬಾಯಲ್ಲಿ ಸ್ಪ್ರಿಂಗ್ ಇಟ್ಟುಕೊಂಡ ಆ ತಾತ ಪರದೇಶದ ರಸ್ತೆಯಲ್ಲಿ ಒಬ್ಬರೇ ನಿಂತ ಚಿತ್ರ ಕಣ್ಣಿಗೆ ಕಟ್ಟಿತು. ಫೋನು ಮಾಡಿದಳು.

"ಏನು, ಟೋಪಿಯಕ್ಕನವರು ನಮ್ಮನ್ನ ನೆನೆಸ್ಕೊಂಡಿದೀರಿ!"

"ಒಂದು ಉಪಕಾರ ಆಗ್ಬೇಕು ಕಣೇ. ನಮ್ಮ ಮಾವನ ಅಂಗಡೀಲಿ... ನನ್ನವರೊಬ್ಬರು..."

"ಒಬ್ಬರು?"

"ಉಳ್ಕೊಂಡಿದಾರೆ."

"ಸರಿಯಾಗಿ ಕೇಳಿಸ್ತಿಲ್ಲ, ಸ್ವಲ್ಪ ಜೋರಾಗ್ ಹೇಳು."

ಟೋಪಿಯಕ್ಕ ಕಣ್ಣು ಮುಚ್ಚಿ, ಎದೆ ತುಂಬ ಉಸಿರೆಳೆದು, ಇಡೀ ವ್ಯಾನಿಗೆ ಕೇಳುವಂತೆ ಕೂಗಿದಳು. "ನಾನು ಒಬ್ಬರನ್ನ ಬಿಟ್ ಬಂದಿದೀನಿ!"

ಬಾವುಟದಮ್ಮ ಆ ಮಾತನ್ನು ಒಂದು ಗಳಿಗೆ ಚಪ್ಪರಿಸಿದಳೆಂದೇ ನನ್ನ ನಂಬಿಕೆ. ಆಮೇಲೆ ಬಸ್ಸಿನ ಬಾಗಿಲು ತೆರೆದ ಸದ್ದು, ಮೆಟ್ಟಿಲಿಳಿದು ಓಡುವ ಸದ್ದು. "ಅಯ್ಯೋ, ಅದಕ್ಯಾಕೆ ಅಳ್ತೀಯೇ! ಗೈಡು ಅಂದ್ಮೇಲೆ ಯಾವತ್ತೋ ಒಂದು ತಲೆ ತಪ್ಪತ್ತೆ. ಇರು, ಎಳ್ಕೊಂಡ್ ಬರ್ತೀನಿ."

ತಾನು ಅಳುತ್ತಿದ್ದೇನೆಂದು ಟೋಪಿಯಕ್ಕನಿಗೂ ಆಗಲೇ ಗೊತ್ತಾದದ್ದು.

ಬಂದರಿನ ಗೇಟಿನಲ್ಲಿ ಕಾವಲುಗಾರ ಇಣುಕಿ ಎಣಿಸಿದ. ಎಂಟು ಟೋಪಿ, ಗೈಡು, ಡ್ರೈವರು. "ಹತ್ತು. ಹೋಗಿ." ನಾಲ್ಕಕ್ಕೆ ಏಳು ಜನ ಮಾವನ ಕೈ ಕುಲುಕಿ ಏಣಿ ಹತ್ತಿದರು, ಕಟಕಟೆಯ ಬಳಿ ಸಾಲಾಗಿ ನಿಂತು ಕೆಳಗೆ ನೋಡತೊಡಗಿದರು. ಮಾವ ಕತ್ತೆತ್ತಿದರು. ಎತ್ತಿದರು, ಇನ್ನೂ ಎತ್ತಿದರು. ಟೋಪಿ ಹಿಂದಕ್ಕೆ ಬಿತ್ತು.

"ಇದು ತೇಲತ್ತಾ?"

"ತೇಲತ್ತೆ ಮಾವ."

"ಸುಳ್ಳು" ಎಂದರು ಮಾವ. ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು.

ನಾಲ್ಕೂವರೆ. ನಾಲ್ಕೂ ಮೂವತ್ತೈದು. ಟೋಪಿಯಕ್ಕ ಹಡಗುಕಟ್ಟೆಯ ಮೇಲೆ ಅತ್ತಿಂದಿತ್ತ ಓಡಾಡುತ್ತಾ ಎಣಿಸಲು ಏನೂ ಸಿಗದೆ ತನ್ನ ಬೆರಳುಗಳನ್ನೇ ಎಣಿಸಿದಳು. ನಾಲ್ಕೂ ನಲವತ್ತೊಂದಕ್ಕೆ ದೊಡ್ಡ ಬಸ್ಸು ಬುಸುಗುಟ್ಟುತ್ತಾ ಬಂತು. ಮೊದಲು ಇಳಿದದ್ದು ಕೆಂಪು ಬಾವುಟ, ಆಮೇಲೆ ಬಾವುಟದಮ್ಮ, ಅವಳ ತೋಳು ಹಿಡಿದು ಟೋಪಿಯಿಲ್ಲದ ತಾತ. ಅಂಗಿಯ ಜೇಬಿನಲ್ಲಿ ಮಾವನ ಭೂತಗನ್ನಡಿ. ತಾತ ಮಾವನನ್ನು ಹುಡುಕಿ ಅದನ್ನು ಕೈಯಲ್ಲಿಟ್ಟರು. ಮಾವ ಅದನ್ನು ತಿರುಗಿ ಅವರ ಜೇಬಿಗೇ ಹಾಕಿದರು. ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ ಒಟ್ಟಿಗೇ ಮಾತಾಡಿದರು. ಏಣಿ ಎತ್ತುವವರು ಕೂಗಿಕೊಂಡರು. ತಾತ ಓಡುತ್ತಾ ಹತ್ತಿದರು, ಮೇಲಿಂದ ಏಳು ಹಳದಿ ಟೋಪಿಗಳು ಗಾಳಿಗೆ ಹಾರಿದವು.

"ಎಣಿಸ್ಕೊಂಡ್ಯೇನೇ?" ಎಂದಳು ಬಾವುಟದಮ್ಮ.

ಟೋಪಿಯಕ್ಕನಿಗೆ ಎಲ್ಲಿಂದಲೋ ನಗು ಉಕ್ಕಿ ಬಂತು. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ನೆಲಕ್ಕೇ ಕುಸಿದು ನಕ್ಕರು. ಐದಕ್ಕೆ ಹಡಗು ಕೂಗಿತು. ಮಾವ ಜೇಬಿನ ಗಡಿಯಾರ ತೆಗೆದು ನೋಡಿ, "ಎರಡು ನಿಮಿಷ ಲೇಟು" ಎಂದರು.

ನಿಜವಾದ ಫಜೀತಿ ಹೊರಗೆ ಹೋಗುವಾಗ ಕಾದಿತ್ತು. ಕಾವಲುಗಾರ ಪುಸ್ತಕ ತೆರೆದ. "ಒಳಗೆ ಹತ್ತು. ಹಡಗಿಗೆ ಎಂಟು. ಹೊರಗೆ ಎರಡು ಬರ್ಬೇಕು." ವ್ಯಾನಿನೊಳಗೆ ಇಣುಕಿದ. "ಮೂರಿದೆ."

ಪುಸ್ತಕದ ಪುಟ ಹಿಂದೆ ಮುಂದೆ ತಿರುವಿದ. "ಕಮ್ಮಿ ಬಂದ್ರೆ ಬರೆಯೋಕೆ ಜಾಗ ಇದೆ ಅಕ್ಕಾ. ಹೆಚ್ಚು ಬಂದ್ರೆ ಎಲ್ಲಿ ಬರೀಲಿ? ಎಣಿಸೋದ್ರಲ್ಲಿ ನಾನೇ ತಪ್ಪಿದ್ನಾ?"

ಹೌದು, ನೀನೇ ತಪ್ಪಿದೆ ಎಂದುಬಿಟ್ಟಿದ್ದರೆ ಮುಗಿದೇಹೋಗುತ್ತಿತ್ತು. ಗಂಡ ಕನ್ನಡಿಯಲ್ಲಿ ನೋಡಿದ. ಮಾವ ಟೋಪಿಯನ್ನು ಕಣ್ಣಿನವರೆಗೂ ಎಳೆದುಕೊಂಡು ಆದಷ್ಟು ಪರದೇಶಿಯಾಗಿ ಕಾಣಲು ಹೆಣಗುತ್ತಿದ್ದರು.

"ನಿನ್ನ ಲೆಕ್ಕ ಸರಿಯಾಗಿದೆ ಕಣಪ್ಪ, ಪಾಸಿಲ್ಲದವರನ್ನ ಒಳಗ್ ತಂದದ್ದು ನಾನು" ಎಂದಳು ಟೋಪಿಯಕ್ಕ. ಕತ್ತಿನಿಂದ ಪಾಸು ತೆಗೆದು ಅವನ ಪುಸ್ತಕದ ಮೇಲಿಟ್ಟಳು. "ಮೂರು ತಿಂಗಳು ತಾನೇ? ಬರ್ಕೋ."

ಆಮೇಲೆ ಹಿಂದಕ್ಕೆ ಬಗ್ಗಿ ಮಾವನ ಟೋಪಿ ತೆಗೆದು, ನರೆತ ನೆತ್ತಿಯನ್ನು ತಟ್ಟಿ, "ಒಂದು" ಎಂದಳು.