ಹಳ್ಳದೊಳಗಿನ ಸಿಳ್ಳೆ

ಹಳ್ಳದಲ್ಲಿ ಅರಿವೆಯನ್ನು ಬಂಡೆಗೆ ಬಡಿಯಲು ಎತ್ತಿದ್ದೆ, ಮತ್ತೆ ಅದೇ ಸಿಳ್ಳೆ ಕೇಳಿತು. ಅತ್ತೆ ನನ್ನ ರಟ್ಟೆ ಹಿಡಿದು ಮನೆಯತ್ತ ದರದರ ಎಳೆದರು.

“ಯಾವನೋ ಪೋಲಿ ನಿನ್ನ ನೋಡೇ ಸಿಳ್ಳಿ ಹೊಡಿಯಾಕತ್ತಾನ!”

ಅರವತ್ತರ ದಶಕ. ನಾನು ತಿಳವಳ್ಳಿಗೆ ಹೊಸ ಸೊಸೆ. ಅಂದಿನಿಂದ ಹಳ್ಳದ ದಾರಿ ಬಂದ್. ಮನೆಮಂದಿಯ ಅರಿವೆಗೆಲ್ಲ ಬಾವಿಯಿಂದ ನೀರು ಸೇದಿ ಸೇದಿ ನನ್ನ ಅಂಗೈಯಲ್ಲಿ ಬೊಬ್ಬೆ ಎದ್ದವು.

ರೋಸಿಹೋಗಿ ಒಂದು ಬೆಳಿಗ್ಗೆ ಅತ್ತೆಯನ್ನೇ ಕರೆದುಕೊಂಡು ಸಿಳ್ಳೆಯ ಬೆನ್ನು ಹತ್ತಿದೆ. ಗುಡ್ಡದ ಬುಡದಲ್ಲಿ, ಹಳ್ಳದ ಹಸಿ ಬಂಡೆಯ ಮೇಲೆ, ಕಾಗೆಗಿಂತ ಚಿಕ್ಕದೊಂದು ಕಪ್ಪು ಹಕ್ಕಿ ಕುಳಿತಿತ್ತು. ಬಿಸಿಲು ಬಿದ್ದದ್ದೇ ತಡ, ಅದರ ಹಣೆ, ಹೆಗಲು ನೀಲಿಯಾಗಿ ಹೊಳೆದವು. ಕೊಕ್ಕು ತೆರೆದು, ಹಾಡು ಅರ್ಧ ಮರೆತ ಗಂಡಸಿನಂತೆ ಎಳೆದೆಳೆದು ಸಿಳ್ಳೆ ಹಾಕಿತು. ಗುಡ್ಡದ ಹಳ್ಳಗಳನ್ನೇ ಹುಡುಕಿಕೊಂಡು ಇರುವ ಸಿಳ್ಳಾರ ಅದು.

“ನೋಡ್ರಿ ಅತ್ತಿ, ಹಕ್ಕಿ ಐತಿ!” ಎಂದೆ, ಗೆದ್ದವಳಂತೆ.

ಅತ್ತೆ ಹಕ್ಕಿಯನ್ನು ಕಣ್ಣುತುಂಬ ನೋಡಿದರು. ಆಮೇಲೆ ನನ್ನ ಸೆರಗನ್ನು ಹಣೆಯವರೆಗೆ ಎಳೆದರು.

“ಹಕ್ಕಿ ಆದ್ರೇನಾತು, ಗಂಡು ಹೌದಿಲ್ಲೋ? ನಡಿ ಮನಿಗೆ!”

ಇಂದಿಗೂ ಎಲ್ಲಾದರೂ ಸಿಳ್ಳಾರ ಕೂಗಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಕೈ ಮಾತ್ರ ತಾನಾಗಿಯೇ ಸೆರಗು ಹುಡುಕುತ್ತದೆ.