ಅಕ್ಕ ಕೈಮುಗಿದ ಪುಟ

ಮಗಳು ಶಾಲೆಯ ಪ್ರಾಜೆಕ್ಟಿಗೆ ಚಿತ್ರ ಅಂಟಿಸುತ್ತಿದ್ದಾಳೆ. ಪರ್ತ್ ನಗರದ ಹ್ಯಾರಿಸ್‌ಡೇಲಿನ ನಮ್ಮ ಅಡುಗೆಮನೆಯ ತುಂಬ ಗೋಂದಿನ ವಾಸನೆ. ನಿಮಗೆ ಅದು ಬರೀ ಗೋಂದು ಇರಬಹುದು, ನನಗೆ ಅಕ್ಕನ ನೆನಪು. ಅವಳು ಮೈಸೂರು ಶೈಲಿಯಲ್ಲಿ ದೇವರ ಚಿತ್ರ ಬರೆಯುತ್ತಿದ್ದಳು. ಗೋಂದು ಕಲಸಿ ಮಾಡಿದ ಉಬ್ಬುಗೆಲಸದ ಮೇಲೆ ಚಿನ್ನದ ರೇಕು ಕೂರಿಸುವಾಗ ಉಸಿರು ಬಿಗಿಹಿಡಿಯಬೇಕು, ಇಲ್ಲದಿದ್ದರೆ ರೇಕು ಹಾರಿಹೋಗುತ್ತದೆ. ಪಕ್ಕದಲ್ಲಿ ಕೂತು ಸೀನಿದ ಮಹಾತಾಯಿ ನಾನು. ಆಮೇಲೆ ನನಗೆ ಆ ಕೋಣೆಗೆ ಪ್ರವೇಶವಿರಲಿಲ್ಲ.

ಮದುವೆಯಾಗಿ ಅವಳು ಬ್ರಿಸ್ಬೇನಿನ ಫಾರೆಸ್ಟ್ ಲೇಕ್ ಸೇರಿದಳು, ನಾನು ಪರ್ತಿಗೆ ಬಂದೆ. ಇಬ್ಬರೂ ಒಂದೇ ದೇಶದಲ್ಲಿದ್ದಾರೆ ಎಂದು ಅಮ್ಮ ನಿಶ್ಚಿಂತಳಾದಳು. ನಡುವೆ ಒಂದು ಖಂಡವೇ ಇದೆ ಎಂದು ಅವಳಿಗೆ ಹೇಳುವ ಧೈರ್ಯ ನಮಗಾಗಲಿಲ್ಲ.

ಬ್ರಿಸ್ಬೇನಿನಲ್ಲಿ ಅಕ್ಕನ ಎದೆಯಲ್ಲಿ ಗಂಟು ಕಾಣಿಸಿಕೊಂಡಿತು. ಕ್ಯಾನ್ಸರ್. ಒಂದು ಮೊಲೆ ತೆಗೆಯಬೇಕು ಎಂದರು ಡಾಕ್ಟರು. ಅಕ್ಕ ಒಪ್ಪಲಿಲ್ಲ. ಭಾವ ಗೋಗರೆದರು, ನಾನು ಫೋನಿನಲ್ಲಿ ಅತ್ತೆ.

"ಭಿನ್ನ ಆದ ವಿಗ್ರಹಾನ ಪೂಜೆಗೆ ಇಡ್ತಾರೇನೆ? ನದಿಗೆ ಬಿಡ್ತಾರೆ. ಅಂಥ ಮೈ ಇಟ್ಕೊಂಡು ನಾನು ದೇವೀನ ಹೇಗೆ ಬರೀಲಿ?" ಎಂದಳು.

ನಗಬೇಡಿ. ತಲೆಗೆ ಸ್ನಾನ ಮಾಡದೆ ಕುಂಚ ಮುಟ್ಟಿದವಳಲ್ಲ ಅವಳು. ಬರೆಯುತ್ತಿದ್ದ ದೇವಿಯನ್ನು ಅರ್ಧಕ್ಕೇ ನಿಲ್ಲಿಸಿಬಿಟ್ಟಿದ್ದಳು.

ಆ ಬೇಸಿಗೆಯಲ್ಲಿ ಅಡಿಲೇಡಿನಲ್ಲಿ ಚಿಕ್ಕಪ್ಪನ ಮಗನ ಗೃಹಪ್ರವೇಶ. ಇಬ್ಬರೂ ಹೋಗಿದ್ದೆವು. ಮಾರನೆಯ ದಿನ ಬಿಸಿಲು ತಾಳಲಾರದೆ, ಏಸಿಯ ಆಸೆಗೆ ಒಂದು ಗ್ರಂಥಾಲಯಕ್ಕೆ ನುಗ್ಗಿದೆವು. ಒಳಗೆ ಯುರೋಪಿನ ಹಳೆಯ ಕೈಬರಹದ ಪುಸ್ತಕಗಳ ಪ್ರದರ್ಶನ. ತೊಗಲಿನ ಹಾಳೆಗಳ ಮೇಲೆ ಸಂತರ ಕಥೆಗಳು, ಅಂಚಿನ ತುಂಬ ಹೂಬಳ್ಳಿ. ಮಡಿಯ ಅಕ್ಕ ತೊಗಲನ್ನೂ ಮರೆತು ಗಾಜಿಗೆ ಮೂಗು ತಾಗಿಸಿದಳು. "ನೋಡೇ, ಇವ್ರೂ ಉಬ್ಬು ಮಾಡಿ ರೇಕು ಕೂರಿಸಿದ್ದಾರೆ!" ಎಷ್ಟೋ ತಿಂಗಳ ಮೇಲೆ ಅವಳ ದನಿಯಲ್ಲಿ ಜೀವವಿತ್ತು.

ಆಮೇಲೆ ಒಂದು ಪುಟದ ಮುಂದೆ ನಿಂತವಳು ಕದಲಲಿಲ್ಲ. ಚಿನ್ನದ ಹಿನ್ನೆಲೆಯಲ್ಲಿ ಒಬ್ಬ ತರುಣಿ. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಅವಳದೇ ಮೊಲೆಗಳು. ತನ್ನ ಕ್ರೈಸ್ತ ಧರ್ಮ ಬಿಡಲೊಪ್ಪದ್ದಕ್ಕೆ ಆಳುವವರು ಕೊಯ್ಸಿದರಂತೆ, ಪಕ್ಕದ ಫಲಕದಲ್ಲಿತ್ತು. ಅಕ್ಕನ ತೋಳು ಹಿಡಿದು ಎಳೆದೆ. ಅವಳು ನೋಡುತ್ತಿದ್ದದ್ದು ಆ ತರುಣಿಯ ಮುಖವನ್ನು. ಕಣ್ಣು, ಮೂಗು ಒಂದೂ ಉಳಿದಿರಲಿಲ್ಲ. ತಲೆಮಾರುಗಳ ಭಕ್ತರು ಮುಟ್ಟಿ, ಮುತ್ತಿಟ್ಟು ಸವೆಸಿದ್ದು ಎಂದೂ ಫಲಕ ಹೇಳುತ್ತಿತ್ತು.

"ಭಿನ್ನ ಆದ್ಮೇಲೇ ಇವಳನ್ನ ಪೂಜೆ ಮಾಡಿದ್ದಾರೆ ಕಣೇ" ಎಂದಳು ಅಕ್ಕ. ಚಪ್ಪಲಿ ಬಿಟ್ಟು ಕೈಮುಗಿದಳು. ಕಾವಲಿನವನು ಹತ್ತಿರ ಬಂದವನು, ಅವಳ ಮುಖ ನೋಡಿ ಹಿಂದೆ ಸರಿದ.

ಬ್ರಿಸ್ಬೇನಿಗೆ ಹೋದವಳೇ ಆಪರೇಷನ್ನಿಗೆ ಒಪ್ಪಿದಳು. ತಡವಾಗಿತ್ತು. ಆದರೂ ಕೆಲವು ವರ್ಷ ದಕ್ಕಿದವು. ನಿಲ್ಲಿಸಿದ್ದ ದೇವಿಯನ್ನು ಮುಗಿಸಿದಳು, ಎಂದಿನಂತೆ ಸ್ನಾನ ಮಾಡಿ, ಮಡಿಯುಟ್ಟು. ಹೋದ ವರ್ಷ ತೀರಿಕೊಂಡಳು. ಹೊಟ್ಟೆಯ ತೊಂದರೆ ಎಂದೇ ನೆಂಟರಿಗೆಲ್ಲ ಹೇಳಿದೆವು. ಎದೆಯ ಮಾತೆತ್ತಲು ನಮ್ಮವರಿಗೆ ನಾಲಗೆ ಏಳುವುದಿಲ್ಲ.

ನನ್ನ ಕಣ್ಣು ಒದ್ದೆಯಾದದ್ದನ್ನು ಮಗಳು ಕಂಡಿದ್ದಾಳೆ. "ಈಸ್ ಇಟ್ ದೊಡ್ಡಮ್ಮ? ಹರ್ ಟಮ್ಮಿ ಥಿಂಗ್?"

"ಹೊಟ್ಟೆ ಅಲ್ಲ ಪುಟ್ಟಿ. ಎದೇಲಿ ಕ್ಯಾನ್ಸರ್ ಇತ್ತು. ಒಂದು ಮೊಲೆ ತೆಗೆದಿದ್ರು" ಎನ್ನುತ್ತೇನೆ.

ಅವಳು ಕತ್ತರಿ ಕೆಳಗಿಡುತ್ತಾಳೆ. "ಹ್ಯಾವ್ ಯು ಬೀನ್ ಚೆಕ್ಡ್?"

ಇಲ್ಲ. ಭಾವ ಎಷ್ಟು ಸಲ ಹೇಳಿದರೂ ನಾನು ತಪಾಸಣೆಗೆ ಹೋಗಿಲ್ಲ. "ನಾಳೆ ಡಾಕ್ಟರಿಗೆ ಫೋನ್ ಮಾಡ್ತೀನಿ" ಎನ್ನುತ್ತೇನೆ.

"ನೌ, ಅಮ್ಮಾ" ಎಂದು ಅವಳು ನನ್ನ ಫೋನು ತಂದು ಕೈಗಿಡುತ್ತಾಳೆ.