ತಾಷ್ಕೆಂಟೂ ನಮ್ಮ ಹಿತ್ತಿಲ ಗೋಡೆಯೂ

ಎರಡು ದೇಶದ ದೊಡ್ಡವರು ಕೈ ಕುಲುಕುವ ಫೋಟೋ ಪೇಪರಿನಲ್ಲಿ ಬಂದರೆ ಸಾಕು, ನಾನು ಮಾಡುತ್ತಿದ್ದ ಕೆಲಸ ಬಿಟ್ಟು ಕನ್ನಡಕ ಹುಡುಕುತ್ತೇನೆ. ಫೋಟೋ ನೋಡುವುದಕ್ಕಲ್ಲ, ಅದರ ಕೆಳಗಿನ ಸಣ್ಣ ಅಕ್ಷರ ಓದುವುದಕ್ಕೆ. ಯಾರು ಎಲ್ಲಿಂದ ಹಿಂದಕ್ಕೆ ಸರಿಯುತ್ತಾರೆ, ಸೆರೆ ಸಿಕ್ಕವರು ಮನೆಗೆ ಯಾವಾಗ, ಎಲ್ಲಕ್ಕಿಂತ ಮುಖ್ಯವಾಗಿ ಟಪಾಲು ಶುರುವಾಗುತ್ತದೋ ಇಲ್ಲವೋ. ಮೊಮ್ಮಗಳು ನಗುತ್ತಾಳೆ, ಅಜ್ಜಿ ಫಾರಿನ್ ಮಿನಿಸ್ಟರ್ ಆಗಬೇಕಿತ್ತು ಅಂತ. ಒಂದು ಕಾಲಕ್ಕೆ ಆಗಿದ್ದೆ ಅಂದರೆ ಅವಳು ನಂಬುವುದಿಲ್ಲ. ಸಿರಾದಲ್ಲಿ, ಎರಡು ಮನೆಗಳ ಮಟ್ಟಿಗೆ.

ನನ್ನ ಕ್ವಾಲಿಫಿಕೇಷನ್ ಸಾಮಾನ್ಯದ್ದಲ್ಲ. ಟ್ರೀಟಿ ಆಫ್ ವರ್ಸೇಲ್ಸನ್ನು ಕಾಸಸ್, ಟರ್ಮ್ಸ್, ರಿಸಲ್ಟ್ಸ್ ಅಂತ ಮೂರು ಹೋಳು ಮಾಡಿ, ಕಾನ್ವೆಂಟಿನಲ್ಲಿ ಬಾಯಿಪಾಠ ಒಪ್ಪಿಸಿ ಪ್ರೈಜ್ ತಗೊಂಡವಳು ನಾನು. ದನದ ಡಾಕ್ಟರನ್ನು ಮದುವೆಯಾಗಿ ಸಿರಾಕ್ಕೆ ಬಂದ ಮೊದಲ ಬೆಳಿಗ್ಗೆ ಸೌದೆ ಒಲೆ ಹೊತ್ತಿಸಲು ಬರದೆ, ಹೊಗೆಯಲ್ಲಿ ಕೂತು ಅಳುತ್ತಿದ್ದಾಗ ವರ್ಸೇಲ್ಸ್ ಏನೂ ನೆರವಿಗೆ ಬರಲಿಲ್ಲ. ಬಂದವಳು ಖೈರುನ್ಬಿ, ತಾಮ್ರ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವ ಬಾಷಾ ಸಾಬರ ಹೆಂಡತಿ. ನಮ್ಮಿಬ್ಬರ ಹಿತ್ತಿಲಿನ ನಡುವೆ ಸೊಂಟದೆತ್ತರದ ಮಣ್ಣಿನ ಗೋಡೆ. ಅವಳು ಅದನ್ನು ಹೊಸಲು ದಾಟಿದ ಹಾಗೆ ದಾಟಿ ಬಂದು, ಒಲೆ ಊದಿ, "ಏನ್ ಓದ್ಸಿದ್ರಮ್ಮ ನಿಂಗೆ ಅಷ್ಟು ವರ್ಷ?" ಅಂದಳು. ಅವತ್ತಿನಿಂದ ನಾನು ಅವಳಿಗೆ ಡಾಕ್ಟ್ರಮ್ಮ. ಗಂಡ ಕುರಿಗೆ ಸೂಜಿ ಚುಚ್ಚಿದರೆ ಪದವಿ ಹೆಂಡತಿಗೂ ಸಿಗುತ್ತಿದ್ದ ಕಾಲ ಅದು.

ಖೈರುನ್ಬಿಯ ಒಬ್ಬಳೇ ಮಗಳು ಜುಬೇದಾ ಸೋದರತ್ತೆಯ ಮಗನನ್ನು ಮದುವೆಯಾಗಿ ಕರಾಚಿಗೆ ಹೋಗಿದ್ದಳು. ತಾಯಿ ಉರ್ದುವಿನಲ್ಲಿ ಕಾಗದ ಬರೆಯುವಳು, ಕವರಿನ ಮೇಲೆ ಇಂಗ್ಲಿಷಿನಲ್ಲಿ ವಿಳಾಸ ಬರೆಯುವವಳು ನಾನು. ನನ್ನ ಕಾನ್ವೆಂಟ್ ಹ್ಯಾಂಡ್‌ರೈಟಿಂಗ್ ಸಾರ್ಥಕವಾದದ್ದು ಅದೊಂದರಲ್ಲೇ. ಅರವತ್ತೈದರ ಜುಲೈನಲ್ಲಿ ಬಂದ ಕಾಗದದಲ್ಲಿ, ಜುಬೇದಾಗೆ ದಸರಾ ಹೊತ್ತಿಗೆ ಹೆರಿಗೆ, ಮೊದಲನೆಯದು, ಭಯ ಆಗುತ್ತೆ ಅಮ್ಮಿ ಅಂತ ಇತ್ತು. ಆಮೇಲೆ ಯುದ್ಧ ಬಂತು. ಪೋಸ್ಟಾಫೀಸಿನವರು ನಮ್ಮ ಕವರನ್ನು ಕಿಟಕಿಯಿಂದಲೇ ಹಿಂದಕ್ಕೆ ತಳ್ಳಿದರು. ಆ ದೇಶಕ್ಕೆ ಟಪಾಲು ಬಂದ್.

ಇಲ್ಲಿ ನಾನು ಒಂದು ಮಾತು ಒಪ್ಪಿಕೊಳ್ಳಬೇಕು. ಆಫೀಸಿನಲ್ಲಿ ಯಾರೋ ನಮ್ಮೆಜಮಾನರ ಕಿವಿಯಲ್ಲಿ, ಕರಾಚಿಗೆ ಹೋಗುವ ಕವರಿನ ಮೇಲೆ ನಿಮ್ಮ ಮನೆಯವರ ಅಕ್ಷರ ಅಂತೆ ಸಾರ್, ಅಂದರು. ನಮ್ಮೆಜಮಾನರು ಕೆಟ್ಟವರಲ್ಲ, ಸರ್ಕಾರಿ ನೌಕರರು. ಸ್ವಲ್ಪ ದಿನ ಆ ಕಡೆ ಹೋಗಬೇಡ ಅಂದರು. ನಾನು ಒಂದು ಮಾತೂ ವಾದಿಸಲಿಲ್ಲ, ಅದು ನನಗೆ ಈಗಲೂ ಶಾಕ್. ನಮ್ಮ ಊರಿನ ಮೇಲೆ ಒಂದು ವಿಮಾನವೂ ಹಾರಲಿಲ್ಲ, ಆದರೂ ನಾನು ಸೈನ್ಯ ಹಿಂತೆಗೆದುಕೊಂಡು ಅಡಿಗೆಮನೆ ಸೇರಿಬಿಟ್ಟೆ. ಸೀಸ್‌ಫೈರ್ ಆದಮೇಲೂ ಹೋಗಲಿಲ್ಲ. ನಾಚಿಕೆ ಶುರುವಾದಮೇಲೆ ಅದು ಅಪ್ಪಣೆಗಿಂತ ಗಟ್ಟಿ. ದಸರಾ ಬಂತು, ಹೋಯಿತು. ಗೋಡೆಯ ಆಚೆ ಖೈರುನ್ಬಿ ಕೆಮ್ಮುವುದು, ಕೋಳಿ ಅಟ್ಟುವುದು ಕೇಳುತ್ತಿತ್ತು. ಮಗಳು ಹೆತ್ತಳೋ, ಉಳಿದಳೋ, ಯಾರಿಗೂ ಗೊತ್ತಿರಲಿಲ್ಲ. ಅವಳು ಒಂದು ದಿನವೂ ನನ್ನನ್ನು ಕರೆಯಲಿಲ್ಲ.

ಜನವರಿಯಲ್ಲಿ ತಾಷ್ಕೆಂಟ್ ಆಯಿತು. ನಮ್ಮ ರೇಡಿಯೋ ರಿಪೇರಿಗೆ ತುಮಕೂರಿಗೆ ಹೋಗಿತ್ತು, ನಮ್ಮೆಜಮಾನರು ಕುರಿಗಳಿಗೆ ರೋಗ ಅಂತ ಹಿಂದಿನ ದಿನವೇ ಹುಲಿಕುಂಟೆಗೆ ಹೋಗಿದ್ದರು. ಬಸ್ಸಿನಲ್ಲಿ ಬಂದ ಬೆಂಗಳೂರಿನ ಇಂಗ್ಲಿಷ್ ಪೇಪರನ್ನು ಯಾರೋ ಬಾಗಿಲ ಸಂದಿಯಲ್ಲಿ ತುರುಕಿ ಹೋಗಿದ್ದರು. ಬಿಚ್ಚಿದರೆ ನಮ್ಮ ಪ್ರಧಾನಿ, ಅವರ ಅಧ್ಯಕ್ಷರು, ಕೈಯಲ್ಲಿ ಕೈ. ಟರ್ಮ್ಸ್ ಓದಿದೆ. ಎರಡೂ ಸೈನ್ಯ ಆಗಸ್ಟ್ ಐದಕ್ಕೆ ಮೊದಲು ಎಲ್ಲಿದ್ದವೋ ಅಲ್ಲಿಗೇ ವಾಪಸ್ ಹೋಗಬೇಕು ಅಂತ ಇತ್ತು. ನನಗೇನನ್ನಿಸಿತೋ, ಪೇಪರ್ ಹಿಡಿದು ಹಿತ್ತಿಲ ಗೋಡೆಯ ತನಕ ಹೋದೆ. ದಾಟುವ ಧೈರ್ಯ ಬರಲಿಲ್ಲ. ಅಲ್ಲೇ ನಿಂತು ಕನ್ನಡದಲ್ಲಿ ಓದಿ ಹೇಳಿದೆ, ಕ್ಲಾಸಿನಲ್ಲಿ ಒಪ್ಪಿಸುವವಳ ಹಾಗೆ.

ಖೈರುನ್ಬಿ ಬಟ್ಟೆ ಹಿಂಡುತ್ತಿದ್ದವಳು ನಿಲ್ಲಿಸಿ ಕೇಳಿಸಿಕೊಂಡಳು.

"ಆಗಸ್ಟ್ ಐದಕ್ಕೆ ಎಲ್ಲಿದ್ರೋ ಅಲ್ಲಿಗೇನಾ?"

ಹೌದು ಅಂದೆ.

"ಆಗ ನೀನು ನಮ್ಮ ಅಡಿಗೆಮನೇಲಿ ಕುಂತ್ಕಂಡು ಬೆಳ್ಳುಳ್ಳಿ ಬಿಡಿಸ್ತಿದ್ದೆ ಕಣಮ್ಮ. ಗೋಡೆತಾವ ಯಾಕ್ ನಿಂತಿದೀಯ? ಬಾ."

ವರ್ಸೇಲ್ಸಿನಲ್ಲಿ ಇಷ್ಟು ಸುಲಭದ ಟರ್ಮ್ಸ್ ಇದ್ದಿದ್ದರೆ ಲೋಕದ ಕಥೆಯೇ ಬೇರೆ ಆಗುತ್ತಿತ್ತೇನೋ. ಸೀರೆ ಎತ್ತಿ ಕಟ್ಟಿ ದಾಟಿದೆ. ರಂಜಾನ್ ಉಪವಾಸ, ಒಲೆ ತಣ್ಣಗಿತ್ತು. ಚಹಾ ಕೊಡಕ್ಕಾಗಲ್ಲ ಅಂತ ಅವಳೇ ಬೇಜಾರು ಮಾಡಿಕೊಂಡಳು. ಆಮೇಲೆ ಬೇರೆಲ್ಲೋ ನೋಡುತ್ತಾ ಕೇಳಿದಳು, "ಖತ್ತಿನ ವಿಷ್ಯ ಐತಾ ಅದ್ರಾಗೆ?"

ಇತ್ತು. ಕಾಗದ, ಟಪಾಲಿನಂಥ ಸಂಪರ್ಕವನ್ನು ಮತ್ತೆ ಶುರುಮಾಡುವ ಕ್ರಮಗಳನ್ನು ಕನ್ಸಿಡರ್ ಮಾಡುತ್ತೇವೆ ಅಂತಿತ್ತು. ನಮ್ಮ ಮದರ್ ಸುಪೀರಿಯರ್ ಏನನ್ನಾದರೂ ಕನ್ಸಿಡರ್ ಮಾಡುತ್ತೇನೆ ಅಂದರೆ ಅದು ಆಗುವುದಿಲ್ಲ ಅಂತಲೇ ಲೆಕ್ಕ. ನನ್ನ ಇಂಗ್ಲಿಷ್ ಅಷ್ಟು ಒಳ್ಳೆಯದಾಗಿರಬಾರದಿತ್ತು.

"ಐತೆ, ಕಾಗದ ಬರುತ್ತೆ ಅಂತ ಬರೆದಿದ್ದಾರೆ" ಅಂದೆ.

ಅವಳು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು, ಅಷ್ಟರಲ್ಲಿ ಬಾಷಾ ಸಾಬರು ಬಂದರು. ಬೆಳಿಗ್ಗೆ ಹನ್ನೊಂದಕ್ಕೇ ಅಂಗಡಿ ಮುಚ್ಚಿದ್ದರು. ಬೀದಿಯಲ್ಲೆಲ್ಲ ಅಂಗಡಿ ಮುಚ್ಚುತ್ತಿದ್ದಾರೆ, ರೇಡಿಯೋದಲ್ಲಿ ಹೇಳಿದರು ಅಂದರು. ಸೈನ್ ಹಾಕಿದ ನಮ್ಮ ಪ್ರಧಾನಿ ಆ ರಾತ್ರಿಯೇ ಅಲ್ಲೇ ತೀರಿಕೊಂಡಿದ್ದರು.

ಪೇಪರ್ ನನ್ನ ಮಡಿಲಲ್ಲೇ ಇತ್ತು. ಅದರಲ್ಲಿ ಅವರು ನಗುತ್ತಿದ್ದರು. ಇಷ್ಟು ವರ್ಷವಾದರೂ ನನಗೆ ಆ ಗಳಿಗೆಯಿಂದ ಪೂರ್ತಿ ಚೇತರಿಸಿಕೊಳ್ಳಲು ಆಗಿಲ್ಲ. ಫೋಟೋದ ಕೈ ಇನ್ನೂ ಇನ್ನೊಂದು ಕೈಯಲ್ಲಿದೆ, ಕೈಯ ಮನುಷ್ಯ ಇಲ್ಲ. ಅಷ್ಟು ಸಣ್ಣ ದೇಹದ, ನಮ್ಮ ಮೇಷ್ಟರುಗಳ ಹಾಗೆ ಕಾಣುತ್ತಿದ್ದ ಮನುಷ್ಯ.

ಖೈರುನ್ಬಿ ಕೇಳಿದಳು, "ಬರೆದೋರೇ ಹೋದ್ರೆ, ಬರೆದಿದ್ದು ನಿಲ್ತದಾ?"

ಕರಾರು ಮನುಷ್ಯರದ್ದಲ್ಲ, ದೇಶಗಳದ್ದು ಅಂತ ಹಿಸ್ಟರಿ ಸಿಸ್ಟರ್ ಹೇಳಿಕೊಟ್ಟಿದ್ದರು. ಆದರೆ ಉತ್ತರ ಕೊಟ್ಟವರು ಬಾಷಾ ಸಾಬರು. "ಕೊನೇ ಮಾತು ಅದು. ಇನ್ನು ಯಾರಿಗೆ ಮುರಿಯಕ್ ಮನಸ್ ಬತ್ತದೆ?"

ಮುರಿಯುವವರು ಇರುತ್ತಾರೆ ಅಂತ ಆಮೇಲಿನ ವರ್ಷಗಳು ತೋರಿಸಿದವು. ಕಲಾಯಿಯೂ ಹಾಗೇ ಅಲ್ಲವೆ, ಸವೆಯುತ್ತದೆ, ಮತ್ತೆ ಹಾಕಿಸಬೇಕು. ಹಾಕಿಸದಿದ್ದರೆ ಅದೇ ಪಾತ್ರೆಯ ಹುಳಿ ವಿಷ. ಆದರೆ ಆ ಬೇಸಿಗೆಗೆ ಹಾಕಿದ ಕಲಾಯಿ ಗಟ್ಟಿಯಾಗಿತ್ತು. ಹುಣಸೆ ಬಡಿಯುವ ಕಾಲಕ್ಕೆ ಖೈರುನ್ಬಿ ಗೋಡೆಯ ಮೇಲಿಂದ ನನ್ನನ್ನು ಕೂಗಿದಳು. ಕಾಗದ ಬಂದಿತ್ತು.

ಅವಳೇ ಓದಿ ಕನ್ನಡದಲ್ಲಿ ಹೇಳುತ್ತಾ ಹೋದಳು. ಹೆಣ್ಣುಮಗು, ಊರೆಲ್ಲ ದೀಪ ಆರಿಸಿದ್ದ ದಿನಗಳಲ್ಲಿ ಹುಟ್ಟಿದ್ದು, ತಾಯಿ ಮಗು ಚೆನ್ನಾಗಿದ್ದಾರೆ. ಸಿರಾದ ಮೇಲೆ ಬಾಂಬ್ ಬಿತ್ತಾ ಅಮ್ಮಿ, ನಮ್ಮ ಮನೆ ಇದೆಯಾ, ಅಂತ ಮಗಳು ಅಲ್ಲಿ ಅತ್ತಿದ್ದಳಂತೆ. ಮಧುಗಿರಿಯ ಬಸ್ಸೇ ಹೊತ್ತಿಗೆ ಸರಿಯಾಗಿ ಬಾರದ ಊರಿಗೆ ಬಾಂಬ್! ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಕೊನೆಗೆ ಅವಳು ಕಾಗದವನ್ನು ಸ್ವಲ್ಪ ದೂರ ಹಿಡಿದು ಓದಿದಳು: "ಡಾಕ್ಟ್ರಮ್ಮ ನಿನ್ ಪಕ್ಕದಾಗೇ ಇದಾರಲ್ಲ ಅಮ್ಮಿ, ಅದ್ಕೇ ನಂಗೆ ಧೈರ್ಯ."

ನನ್ನ ನಗು ನಿಂತುಹೋಯಿತು. ಅವಳು ಕಾಗದ ಮಡಿಸಿ, ಕವರ್ ಎಲ್ಲಿ, ಅಡ್ರೆಸ್ ಬರೀ ಅಂದಳು.

ಆ ಸಾಲು ನಿಜವಾಗಿ ಆ ಕಾಗದದಲ್ಲಿ ಇತ್ತೋ ಇಲ್ಲವೋ, ನನಗೆ ಗೊತ್ತಿಲ್ಲ. ನನಗೆ ಉರ್ದು ಬರುವುದಿಲ್ಲ. ಅವಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ.